ಗಂಜಿ ಹಿಟ್ಟಿನ ಬಿಸ್ಕೀಟು

ಮರಳು ಕಾದಿದೆ, ವಾಸನೆಯಿಂದಲೇ ಗೊತ್ತಾಗುತ್ತದೆ, ಮೊದಲು ಹಸಿ ಮಣ್ಣಿನ ವಾಸನೆ ಬಂದು ಆಮೇಲೆ ಯಾವ ವಾಸನೆಯೂ ಇಲ್ಲದಂತಾಗುತ್ತದಲ್ಲ, ಆಗ ತಾಟು ಇಳಿಸಬೇಕು, ಪಕ್ಕದ ಮನೆಯ ರಸೂಲಬಿ ಹೇಳಿಕೊಟ್ಟದ್ದು, ಬೇಕರಿ ಭಟ್ಟಿ ಯಾಕ ಬೇಕವಾ ವೀರವ್ವ, ಒಂದ ಹಳೇ ಬೋಗಾಣಿ, ಹಳ್ಳದ ಮರಳು, ಮ್ಯಾಲೊಂದ ಮುಚ್ಚಳ, ಅಷ್ಟ ಸಾಕು — ವೀರವ್ವ ಸೆರಗಿನ ತುದಿಯಿಂದ ಮುಚ್ಚಳ ಎತ್ತಿದಳು, ಬಿಸಿ ಮುಖಕ್ಕೆ ಹೊಡೆಯಿತು, ಸಾಲಾಗಿ ಇಟ್ಟ ಬಿಸ್ಕೀಟಿನ ತಾಟನ್ನು ಒಳಗಿಳಿಸಿ ಮುಚ್ಚಿದಳು, ಅಷ್ಟರಲ್ಲಿ ಪಡಸಾಲೆಯ ಮಗ್ಗ ನಿಂತಿತು. ಲಟಕ್ ಪಟಕ್ ಎನ್ನುತ್ತಿದ್ದದ್ದು ಲಟಕ್ ಎಂದು ಅಲ್ಲೇ ನಿಂತಿತು, ಅಂದರೆ ಎಳೆ ಹರಿದಿದೆ, ಅಂದರೆ ಅರ್ಜುನಪ್ಪ ಈಗ ಬಗ್ಗಿ, ಹರಿದ ತುದಿ ಹುಡುಕಿ, ಬೆರಳಿಗೆ ಎಂಜಲು ಹಚ್ಚಿಕೊಂಡು ಹೊಸೆದು ಗಂಟು ಹಾಕುತ್ತಿದ್ದಾನೆ, ಗಂಡನ ಹೆಸರು ಬಾಯಲ್ಲಿ ಆಡಬಾರದು, ಮನಸ್ಸಿನಲ್ಲಿ ಆಡಿಕೊಂಡರೆ ಯಾರು ಕೇಳುತ್ತಾರೆ, ಈಚೆಗೆ ಅವನ ಹೆಸರು ಮನಸ್ಸಿನಲ್ಲಿ ತಾನೇ ತಾನಾಗಿ ಬರುತ್ತದೆ, ಬಂದು ಹೋಗುವುದೇ ಇಲ್ಲ. ಮಗ್ಗದ ಮೇಲಿರುವುದು ಕೊನೆಯ ಸೀರೆ, ಇವತ್ತು ಬಡಿಗೇರ ಮಹಮ್ಮದಸಾಬ ಬರುತ್ತಾನೆ, ಮಗ್ಗ ನೋಡುವುದಕ್ಕೆ, ನೋಡುವುದೇನು ಬಂತು, ಒಯ್ಯುವುದಕ್ಕೆ, ಹಳೇ ಸಾಗವಾನಿ, ಮಾವನ ಕಾಲದ್ದು, ಯಾರದೋ ಹೊಸ ಮನೆಯ ಬಾಗಿಲ ಚೌಕಟ್ಟಾಗುತ್ತದೆಯಂತೆ. ಬೆಳಿಗ್ಗೆ ಎದ್ದು ಮುಖ ತೊಳೆಯುತ್ತ ಅರ್ಜುನಪ್ಪ ಹೇಳಿದ, ವಿಜೀ ಅವ್ವಾ, ಮಹಮ್ಮದಸಾಬರು ಬರತಾರ, ಚಾದ ಕೂಡ ನಿನ್ನ ಬಿಸ್ಕೀಟ ಇರಲಿ, ಗಂಜಿ ಸಲುವಾಗಿ ತಂದ ಮೈದಾ ಉಳದೈತಲ್ಲ, ಇನ್ನ ಗಂಜಿ ಎಲ್ಲಿದು, ಅದನ್ನ ಬಳಸಿಬಿಡು. ಆಮೇಲೆ ತುಸು ಅನುಮಾನದಿಂದ, ಮೈದಾದಾಗ ಆಗತಾವೇನು ಬಿಸ್ಕೀಟ, ಎಂದು ಬೇರೆ ಕೇಳಿದ. ಆಗತಾವ್ರಿ ಎಂದಳು ವೀರವ್ವ.

ಆಗತಾವ್ರಿ! ನಾಲಗೆ ಹೇಗೆ ಹೊರಳಿತೋ, ಒಂದು ವರ್ಷದಿಂದ ಅದರಲ್ಲೇ ಆಗಿರುವುದು, ಜೋಳದ ಹಿಟ್ಟಿನವು, ಗೋಧಿ ತೌಡಿನವು ಎಂದು ಅವನಿಗೆ ಹೇಳುತ್ತ ಬಂದದ್ದು, ಅವನು ನಂಬುತ್ತ ಬಂದದ್ದು. ಮೈದಾ ಈ ಮನೆಗೆ ಬರುವುದು ತಿನ್ನುವುದಕ್ಕಲ್ಲ, ನೂಲಿಗೆ, ಹಾಸಿನ ಎಳೆ, ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆ, ಗಂಜಿ ಕುಡಿದು ಬಿಗಿಯಾಗಬೇಕು, ಇಲ್ಲದಿದ್ದರೆ ಮಗ್ಗದ ಏಟು ತಡೆಯದೆ ಪಟಪಟ ಹರಿಯುತ್ತದೆ, ಇದು ಗಜೇಂದ್ರಗಡದ ಈ ಓಣಿಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು, ವೀರವ್ವನಿಗೆ ಗೊತ್ತಿರಲಿಲ್ಲವೇ, ಲಂಗ ಉಡುವ ವಯಸ್ಸಿನಲ್ಲೇ ತವರಿನಲ್ಲಿ ಗಂಜಿ ಕುದಿಸಿದವಳು, ಎರಡು ಬೆರಳ ನಡುವೆ ಎಳೆದು ನೋಡಿ ಇನ್ನೂ ಆಗಿಲ್ಲ ಎಂದು ಹೇಳಬಲ್ಲವಳು. ಗೊತ್ತಿತ್ತು, ಗೊತ್ತಿದ್ದೂ ತೆಗೆದಳು. ಮೊದಲ ಸಲ ತೆಗೆದದ್ದು ಮಗಳು ವಿಜಯಲಕ್ಷ್ಮಿಗೆ, ಸವಡಿಯಿಂದ ಹೆರಿಗೆಗೆ ಬಂದಿದ್ದಳು, ಬಾಗಿಲಲ್ಲಿ ಕಾಲು ಚಾಚಿ ಕೂತು, ಅವ್ವಾ, ಬೇಕರಿ ಬಿಸ್ಕೀಟ ತಿನ್ನಂಗಾಗೇತಿ ನೋಡು, ಎಂದಳು, ಬಸುರಿಯ ಬಯಕೆ, ಒಂದು ಹಿಡಿ ಹಿಟ್ಟು, ಅದೇನು ಕಳ್ಳತನವೇ, ಕೇಳಿದ್ದರೆ ಅರ್ಜುನಪ್ಪ ತಾನೇ ಎರಡು ಹಿಡಿ ತೆಗೆದುಕೊಡುತ್ತಿದ್ದ. ಕೇಳಲಿಲ್ಲ. ಕೇಳಿದರೆ ಏನೂ ಇಲ್ಲದ್ದರಲ್ಲಿ ಮಾಡಿದಂತೆ ಹೇಗಾಗುತ್ತದೆ, ಅವನು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದನಲ್ಲ, ನಮ್ಮಾಕಿ ಗಾಳ್ಯಾಗಿಂದ ಅಡಗಿ ಮಾಡ್ತಾಳ್ರಿ, ಆ ಮಾತು ಕೇಳುವಾಗ ಒಳಗೆ ಒಲೆಯ ಮುಂದೆ ಕೂತವಳಿಗೆ ಎದೆ ಉಬ್ಬುತ್ತಿತ್ತು. ಹೀರೇಕಾಯಿ ತಂದರೆ ಸಿಪ್ಪೆಗೂ ಚಟ್ನಿಯ ಯೋಗ, ನಿನ್ನೆಯ ರೊಟ್ಟಿ ಇವತ್ತಿನ ಮುಟಗಿ, ಯಾಲಕ್ಕಿ ಬಿಡಿಸಿದ ಸಿಪ್ಪೆ ಸಕ್ಕರೆ ಡಬ್ಬಿಯಲ್ಲಿ, ಮಜ್ಜಿಗೆ ಗಡಿಗೆ ತೊಳೆದ ನೀರು ಅಂಬಲಿಗೆ, ಇವೆಲ್ಲ ಖರೇ, ಇವುಗಳಲ್ಲಿ ಸುಳ್ಳಿಲ್ಲ, ಇವು ಅವಳವೇ. ಮಗಳು ಹಡೆದು ಕೂಸು ಎತ್ತಿಕೊಂಡು ಗಂಡನ ಮನೆಗೆ ಹೋದಳು, ಬಯಕೆಯೂ ಅವಳ ಹಿಂದೆಯೇ ಹೋಗಬೇಕಿತ್ತು, ಹೋಗಲಿಲ್ಲ, ವೀರವ್ವನಿಗೆ ಬೇರೊಂದು ಬಯಕೆ ಹತ್ತಿಕೊಂಡಿತ್ತು. ಸ್ತ್ರೀಶಕ್ತಿ ಸಂಘ ಕೂಡಿದಾಗಲೆಲ್ಲ ಡಬ್ಬಿ ಒಯ್ಯುವುದು, ಹೆಂಗಸರು ಮುಗಿಬಿದ್ದು ತಿನ್ನುವುದು, ರಸೂಲಬಿ ಬಾಯಿ ತುಂಬಿಕೊಂಡೇ, ಯವ್ವಾ, ನನಗಿಂತ ಭಾಳ ಚಲೋ ಮಾಡೀದಿ, ಇಷ್ಟ ಸಸ್ತಾದಾಗ ಹ್ಯಾಂಗ ಮಾಡ್ತಿ ಎನ್ನುವುದು, ಇವಳು ಸೆರಗು ಸರಿಮಾಡಿಕೊಂಡು, ಏನಿಲ್ಲವಾ, ಮನ್ಯಾಗ ಇದ್ದದ್ದರಾಗ ಎನ್ನುವುದು. ಮನೆಯಲ್ಲಿ ಇದ್ದದ್ದರಲ್ಲಿ! ಒಂದು ಹಿಡಿ ಎರಡಾಯಿತು, ಎರಡು ಎಷ್ಟಾಯಿತೋ ಅವಳೇ ನೋಡದೆ ತೆಗೆಯತೊಡಗಿದಳು, ಕತ್ತು ಆ ಕಡೆ ತಿರುಗಿಸಿ ಕೈ ಈ ಕಡೆ ಚೀಲಕ್ಕೆ. ತೆಗೆದ ಹಿಟ್ಟಿನ ಬದಲಿಗೆ ಗಂಜಿಗೆ ಅನ್ನ ಬಸಿದ ನೀರು ಸುರಿದಳು, ಅದೂ ಬೆಳ್ಳಗೇ ಇರುತ್ತದೆ, ಅದೂ ಗಂಜಿಯೇ ಅಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಳು, ನೂಲು ಮಾತ್ರ ಆ ಮಾತಿಗೆ ಒಪ್ಪಲಿಲ್ಲ.

ಮುಚ್ಚಳ ಎತ್ತಬಾರದು, ಈಗಲೇ ಎತ್ತಿದರೆ ಉಬ್ಬಿದ್ದು ಕೂತುಬಿಡುತ್ತದೆ, ಉರಿ ತುಸು ಹಿಂದೆ ಎಳೆಯಬೇಕು — ಮಗ್ಗ ಮತ್ತೆ ಶುರುವಾಯಿತು, ಲಟಕ್, ಪಟಕ್, ಲಟಕ್, ಆದರೆ ಮೊದಲಿನ ಓಟ ಇಲ್ಲ, ಮೊದಲು ಆ ಸದ್ದಿಗೆ ಅವಳು ರೊಟ್ಟಿ ಬಡಿಯುತ್ತಿದ್ದಳು, ಅವನ ಏಟು ಇವಳ ಏಟು ಒಂದಾಗಿ ಹೋಗುತ್ತಿದ್ದವು, ಹೊಸದಾಗಿ ಬಂದ ದಿನಗಳಲ್ಲಿ ಅತ್ತೆ ಅದನ್ನು ಕೇಳಿಸಿಕೊಂಡು ನಗುತ್ತಿದ್ದಳು, ನಾಚಿಕೆಯಾಗಿ ಇವಳು ಬೇಕೆಂದೇ ತಪ್ಪು ಬಡಿಯುತ್ತಿದ್ದಳು. ಎಳೆ ಹರಿಯತೊಡಗಿದಾಗ ಅರ್ಜುನಪ್ಪ ಮೊದಲು ನೂಲನ್ನೇ ಬೈದ, ಈ ಸಾವಕಾರ ಎಂಥಾ ನೂಲ ಕೊಡಾಕ ಹತ್ಯಾನ, ಎಂದು ಬೈದುಕೊಂಡೇ ಹೋದ, ಸಾವಕಾರ ಅದೇ ನೂಲಿನಲ್ಲಿ ನೇಯ್ದ ಬೇರೆಯವರ ಸೀರೆ ಬಿಚ್ಚಿ ತೋರಿಸಿದನಂತೆ, ಅದರಲ್ಲಿ ಒಂದು ಗಂಟಿಲ್ಲ, ಅರ್ಜುನಪ್ಪಾ, ಮೊದಲ ನಿನ್ನ ಸೀರ್ಯಾಗ ಹುಡಿಕಿದ್ರೂ ಗಂಟ ಸಿಗತಿರಲಿಲ್ಲ, ಈಗ ಕೈ ಆಡಿಸಿದರ ಸಾಕು ಬೆರಳಿಗೆ ಹತ್ತತಾವ, ಎಂದನಂತೆ, ಅವನು ಬೈದಿದ್ದರೆ ಚೆನ್ನಾಗಿತ್ತು, ಮರುಗಿ ಹೇಳಿದ, ಅದು ಅರ್ಜುನಪ್ಪನನ್ನು ಹೊಡೆದು ಹಾಕಿತು. ಹಾಗಿದ್ದರೆ ಕಣ್ಣು ಎಂದ, ರೋಣಕ್ಕೆ ಬಸ್ಸು ಹತ್ತಿ ಕಣ್ಣಿನ ದವಾಖಾನೆಗೆ ಹೋದ, ವೀರವ್ವ ಜೊತೆಗೇ ಹೋಗಿದ್ದಳು, ಡಾಕ್ಟರ್ ಕಣ್ಣಿಗೆ ದೀಪ ಬಿಟ್ಟು ನೋಡಿ, ಅಜ್ಜಾರ, ಕಣ್ಣ ಭಾಳ ಚಲೋ ಅದಾವ, ಕನ್ನಡಕನೂ ಬ್ಯಾಡ ಎಂದರು, ಬೇರೆ ಯಾರಾದರೂ ಆಗಿದ್ದರೆ ಪೇಟೆಯಲ್ಲಿ ಮಿರ್ಚಿ ತಿಂದು ಖುಷಿಯಿಂದ ಮನೆಗೆ ಬರುತ್ತಿದ್ದರು, ಇವನು ಬಸ್ಸಿನಲ್ಲಿ ಕಿಟಕಿಯಾಚೆ ಕಪ್ಪು ಹೊಲ ನೋಡುತ್ತ ಕೂತ, ಗುಡ್ಡದ ಮೇಲಿನ ಹೊಸ ಗಾಳಿಪಂಖಗಳು ಕಾಣುವ ಹೊತ್ತಿಗೆ ಮೆಲ್ಲಗೆ ಹೇಳಿದ, ಹಂಗಾದ್ರ ಕೈ ಅಂತಾತು. ಆಗ ಹೇಳಬಹುದಿತ್ತು. ಬಸ್ಸಿನಲ್ಲಿ ಮಂದಿ ಇದ್ದರು ಎಂದು ಹೇಳಲಿಲ್ಲ, ಮನೆಯಲ್ಲಿ ಮಂದಿ ಇರಲಿಲ್ಲ, ಆಗಲೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅವನು ಬಾಗಿಲ ಬೆಳಕಿಗೆ ಕೈ ಚಾಚಿ ನಿಂತಿದ್ದ, ಐದೂ ಬೆರಳು ಬಿಡಿಸಿ, ಮದುಮಗನಿಗೆ ಅರಿಶಿನ ಹಚ್ಚುವಾಗ ಚಾಚುತ್ತಾರಲ್ಲ ಹಾಗೆ, ತನ್ನ ಕೈಯನ್ನು ತಾನೇ ಬೇರೆಯವರದ್ದೆನ್ನುವಂತೆ ನೋಡುತ್ತ, ವಿಜೀ ಅವ್ವಾ, ಇಲ್ಲಿ ಬಾ, ನೋಡು, ನಡಗತೈತೇನು?

ನಡುಗುತ್ತಿರಲಿಲ್ಲ. ಆ ಕೈ ಬಾಗಿಲ ಬೆಳಕಿನಲ್ಲಿ ಗೂಟದ ಹಾಗೆ ನಿಂತಿತ್ತು. ವೀರವ್ವ ನೋಡಿದಳು, ಅವನ ಮುಖ ನೋಡಿದಳು, ಅಡುಗೆಮನೆಯಲ್ಲಿ ಡಬ್ಬಿ ಇತ್ತು, ಡಬ್ಬಿಯಲ್ಲಿ ಬಿಸ್ಕೀಟು ಇದ್ದವು, ಸಂಜೆ ಸಂಘ ಕೂಡುವುದಿತ್ತು, ಬಾಯಿ ತೆರೆದಳು, ಹೌದ್ರಿ, ಒಂದೀಟ ನಡಗತೈತಿ ಎಂದಳು. ಯಾರು ಹೇಳಿಸಿದರು ಅದನ್ನು, ಯಾವ ದೆವ್ವ, ದೆವ್ವವಲ್ಲ, ತಪ್ಪು ಕೈಯದೆಂದಾದರೆ ಹಿಟ್ಟಿನ ಮಾತು ಬರುವುದಿಲ್ಲವಲ್ಲ, ಅಷ್ಟೇ, ಅಷ್ಟಕ್ಕೇ ಹೇಳಿದ್ದು. ಅರ್ಜುನಪ್ಪ ಕೈ ಕೆಳಗಿಳಿಸಿದ. ಹ್ಞೂಂ ಎಂದ. ನನಗೂ ಹಂಗ ಅನಿಸಿತ್ತು ಎಂದ. ಪಂಚೆಗೆ ಕೈ ಒರೆಸಿಕೊಂಡು ಒಳಗೆ ಹೋದ, ಏನು ಅಂಟಿತ್ತು ಕೈಗೆ ಒರೆಸಿಕೊಳ್ಳಲು, ಏನೂ ಇರಲಿಲ್ಲ.

ಹಾಗಂತ ಸುಮ್ಮನೆ ಕೂರಲಿಲ್ಲ ಅವಳು, ದೇವರಾಣೆ ಕೂರಲಿಲ್ಲ, ಮುಂದಿನ ಹಾಸಿನ ಎಳೆಗಳಿಗೆ ಬೇಕಾದಷ್ಟೂ ಹಿಟ್ಟು ಸುರಿದು ಗಂಜಿ ಕುದಿಸಿದಳು, ಸಂಘಕ್ಕೆ ಡಬ್ಬಿ ಒಯ್ಯುವುದು ಬಿಟ್ಟಳು, ರಸೂಲಬಿ ಕೇಳಿದರೆ ಕೈ ಸುಟ್ಟೈತವಾ ಎಂದಳು, ಗಂಜಿಯನ್ನು ಕೈಯಾರೆ ಸೋಸಿ, ಬೀದಿಯಲ್ಲಿ ಹಾಸು ಚಾಚಿದಾಗ ತಾನೇ ಕುಂಚ ಹಿಡಿದು ಒಂದೊಂದು ಎಳೆಗೂ ಉಣಿಸಿದಳು, ಕೂಸಿಗೆ ಉಣಿಸಿದ ಹಾಗೆ. ನೂಲು ಒಣಗಿ ತಂತಿಯ ಹಾಗೆ ನಿಂತಿತು, ಬೆರಳಿನಿಂದ ಮೀಟಿ ನೋಡಿದಳು, ಮನಸ್ಸಿಗೆ ತಂಪಾಯಿತು, ಇನ್ನು ಹರಿಯುವುದಿಲ್ಲ, ಹರಿಯದಿದ್ದರೆ ಅವನೇ ಕೈ ಸುಧಾರಿಸಿತು ಎಂದುಕೊಳ್ಳುತ್ತಾನೆ, ಹೇಳುವ ಗೊಡವೆಯೇ ಇಲ್ಲ. ಇದರಲ್ಲೂ ಉಳಿಸಲು ನೋಡಿದಳು ನೋಡಿ, ನಾಲ್ಕು ಮಾತು ಖರ್ಚಾಗದಂತೆ! ಮಗ್ಗಕ್ಕೆ ಏರಿದ ಮೊದಲ ದಿನವೇ ಹರಿಯಿತು. ಎರಡನೇ ದಿನವೂ ಹರಿಯಿತು. ಗಂಜಿ ಕುಡಿದ ನೂಲು, ತಂತಿಯಂಥ ನೂಲು, ಯಾಕೆ ಹರಿಯುತ್ತದೆ, ನೀರು ಕೊಡುವ ನೆವ ಮಾಡಿ ಹೋಗಿ ಬಾಗಿಲಿಗೆ ಆತು ನಿಂತು ನೋಡಿದಳು, ಆಗ ಗೊತ್ತಾಯಿತು. ಲಾಳಿ ಎಸೆಯುವ ಮೊದಲು ಅರ್ಜುನಪ್ಪ ತಡೆಯುತ್ತಿದ್ದ. ಕೈಯನ್ನು ನೋಡಿಕೊಳ್ಳುತ್ತಿದ್ದ. ಆಮೇಲೆ ಹೆದರಿ ಎಸೆಯುತ್ತಿದ್ದ, ಹೆದರಿದ್ದಕ್ಕೆ ಜೋರಾಗಿ, ಲಾಳಿ ಅಡ್ಡ ಹೋಗಿ ಎಳೆಯನ್ನು ತಾನೇ ಹರಿಯುತ್ತಿತ್ತು. ಕಣ್ಣು ಮುಚ್ಚಿಕೊಂಡು ನೇಯುತ್ತಿದ್ದವನು. ನೇಯುತ್ತ ನೇಯುತ್ತ ಮಗಳಿಗೆ ಕಥೆ ಹೇಳುತ್ತಿದ್ದವನು. ಹಿಟ್ಟನ್ನು ಗಂಜಿಗೆ ತಿರುಗಿ ಹಾಕಬಹುದು, ಹಾಕಿದಳು, ಆ ಒಂದೀಟ ನಡಗತೈತಿ ಎಂಬುದನ್ನು ಎಲ್ಲಿಂದ ತೆಗೆದು ಎಲ್ಲಿಗೆ ಹಾಕಲಿ, ಅದು ಅವನ ಕೈಯೊಳಗೆ ಹೋಗಿ ಕೂತಿದೆ, ಬೆಳಗಾದರೆ ಬಾಗಿಲ ಬೆಳಕಿಗೆ ಕೈ ಚಾಚುತ್ತಾನೆ, ಈಗ ಅವಳನ್ನು ಕೇಳುವುದೂ ಇಲ್ಲ.

ಅರ್ಜುನಣ್ಣಾ ಎಂದು ಹೊರಗೆ ಯಾರೋ ಕೂಗಿದರು, ಮಹಮ್ಮದಸಾಬನದೇ ದನಿ, ಬರ್ರಿ ಸಾಹೇಬ್ರ ಎನ್ನುವ ಅರ್ಜುನಪ್ಪನ ದನಿ, ಬಂದೇಬಿಟ್ಟ, ಅಯ್ಯೋ ಬಿಸ್ಕೀಟು, ಮುಚ್ಚಳ ಎತ್ತಿದಳು, ಸುಟ್ಟಿಲ್ಲ, ಅಂಚು ಮಾತ್ರ ಕೆಂಪಾಗಿ ನಡುವೆ ಬೆಳ್ಳಗೆ ಸಣ್ಣ ಬಿರುಕು ಬಿಟ್ಟು ಎದ್ದಿವೆ, ಇಷ್ಟು ಚೆಂದ ಎಂದೂ ಬಂದಿರಲಿಲ್ಲ, ಇವತ್ತೇ ಬರಬೇಕಿತ್ತೇ. ಚಹಾ ಸೋಸಿದಳು, ತಾಟಿನಲ್ಲಿ ಜೋಡಿಸಿದಳು, ಪಡಸಾಲೆಯಲ್ಲಿ ಮಹಮ್ಮದಸಾಬ ಮಗ್ಗದ ಕಂಬಕ್ಕೆ ಗೆಣ್ಣಿನಿಂದ ಕುಟ್ಟಿ ನೋಡುತ್ತಿದ್ದಾನೆ, ಟಕ್ ಟಕ್, ಕಟಗಿ ಭಾಳ ಗಟ್ಟಿ ಐತಿ ಅರ್ಜುನಣ್ಣ, ನಿಮ್ಮಪ್ಪಾರಿದ್ದಾಗ ಇದರ ಹಲಗಿ ನಾನ ಕುಂಡರಿಸಿದ್ದೆ, ಮುರೀಬೇಕಂದ್ರ ಮನಸಾಗವಲ್ದು, ನೀನರ ಇನ್ನೊಮ್ಮೆ ವಿಚಾರ ಮಾಡು. ಏನ ವಿಚಾರ ಮಾಡೂದ್ರಿ ಸಾಹೇಬ್ರ, ಕೈ ಕೆಟ್ಟ ಮ್ಯಾಲೆ ಮಗ್ಗ ಇಟಗೊಂಡು ಏನ ಮಾಡ್ಲಿ, ಎನ್ನುತ್ತಾನೆ ಅರ್ಜುನಪ್ಪ, ಎಷ್ಟು ಸರಳವಾಗಿ ಎನ್ನುತ್ತಾನೆ, ನಗುತ್ತ ಎನ್ನುತ್ತಾನೆ, ಚಹಾ ಇಟ್ಟು ಒಳಗೆ ಹೋಗಿಬಿಡಬೇಕು, ಹೋಗಿ ಮರಳು ಆರಲು ಬಿಡಬೇಕು, ಆರಿದ ಮೇಲೆ ಮತ್ತೆ ಡಬ್ಬಕ್ಕೆ ತುಂಬಿಡಬೇಕು, ಅದೇ ಮರಳು ಇನ್ನೊಮ್ಮೆಗೆ ಬರುತ್ತದೆ. ತಗೋರ್ರಿ ಸಾಹೇಬ್ರ, ನಮ್ಮಾಕಿ ಕೈದು, ಅರ್ಜುನಪ್ಪ ತಾಟನ್ನು ಅತಿಥಿಯ ಮುಂದೆ ಸರಿಸಿದ, ತಾನೂ ಒಂದು ತೆಗೆದುಕೊಂಡ, ಅರ್ಧ ಕಚ್ಚಿದ, ಅಗಿಯುತ್ತ ಮುಖ ಅರಳಿಸಿ, ನೋಡ್ರಿ, ಕೈ ಅಂದ್ರ ಹಿಂಗಿರಬೇಕು, ಒಬ್ಬರದು ಹೋದ್ರೂ ಮನಿಯಾಗ ಇನ್ನೊಬ್ಬರ ಕೈ ಚಲೋ ಐತಲ್ಲ, ಅಷ್ಟ ಸಾಕು, ಎಂದ. ವೀರವ್ವ ಒಳಗೆ ಹೋಗದೆ ಹೊಸ್ತಿಲಲ್ಲೇ ತಿರುಗಿ ನಿಂತಳು.

ನಿಮ್ಮ ಕೈ ಕೆಟ್ಟಿಲ್ಲರಿ. ಯಾರೋ ಹೇಳಿದರು, ತಾನೇ ಹೇಳಿದ್ದು. ಗಂಜಿ ಕೆಟ್ಟಿತ್ತು. ಹಿಟ್ಟ ನಾ ತಗದೀನಿ, ಒಂದ ವರ್ಷದಿಂದ, ಈ ಬಿಸ್ಕೀಟಿಗೆ, ನಾಕ ಮಂದಿ ಹೊಗಳಲಿ ಅಂತ. ಅವತ್ತ ಬಾಗಿಲದಾಗ ನಿಮ್ಮ ಕೈ ನಡಗತಿರಲಿಲ್ಲ, ನಾ ಸುಳ್ಳ ಹೇಳಿದೆ. ಮಹಮ್ಮದಸಾಬ ಚಹಾದ ಬಸಿಯನ್ನು ಸದ್ದಾಗದಂತೆ ಕೆಳಗಿಟ್ಟು ಮಗ್ಗದ ಕಡೆ ತಿರುಗಿ ಕೂತ. ಅರ್ಜುನಪ್ಪ ಅಗಿಯುವುದು ನಿಂತಿತು, ನುಂಗಲಿಲ್ಲ, ಉಗುಳಲೂ ಇಲ್ಲ, ಗಲ್ಲ ಒಂದು ಕಡೆ ಉಬ್ಬಿಕೊಂಡು ಹಾಗೇ ಇದೆ, ಬೈಯಲಿ, ತಾಟು ಎತ್ತಿ ಒಗೆಯಲಿ, ಎದ್ದು ಬಂದು ಹೊಡೆಯಲಿ, ಅವನು ಅವಳ ಕಡೆ ನೋಡುತ್ತಲೇ ಇಲ್ಲ, ಕೈ ನೋಡುತ್ತಿದ್ದಾನೆ, ಬಾಗಿಲ ಬೆಳಕು ನೇರ ಬಿದ್ದಿದೆ ಅದರ ಮೇಲೆ, ಬೆರಳ ನಡುವೆ ಅರ್ಧ ಕಚ್ಚಿದ ಬಿಸ್ಕೀಟು, ಮುಟ್ಟಿದರೆ ಪುಡಿಯಾಗುವಂಥದ್ದು, ಒಂದು ಚೂರೂ ಉದುರುತ್ತಿಲ್ಲ, ಮಾತಾಡ್ರಿ, ಏನರ ಅನ್ರಿ, ಕೈ ನೋಡುತ್ತಿದ್ದಾನೆ, ಗೂಟದ ಹಾಗೆ ನಿಂತಿದೆ, ಅರ್ಧ ಬಿಸ್ಕೀಟು, ಕೈ, ನಡುಗುತ್ತಿಲ್ಲ, ಆ ಕೈ —