ವಾಪಸು ಹೋಗಿ ಬಂದ ಗ್ರೈಂಡರು

ನಾನು ಒಂದು ಗ್ರೈಂಡರು. ಹುಟ್ಟಿದ್ದು ಕೊಯಮತ್ತೂರಿನ ಒಂದು ಶೆಡ್ಡಿನಲ್ಲಿ. ಬಂಡೆ ಸೀಳಿ, ಉಳಿಯಿಂದ ಕೆತ್ತಿ ನನ್ನ ಕಲ್ಲುಗಳನ್ನು ಮಾಡಿದರು. ಕೆತ್ತುವಾಗ ಉದುರಿದ ಪುಡಿ ಕಲ್ಲಿನ ಸಂದಿಗಳಲ್ಲೇ ಉಳಿದಿತ್ತು. ಅದೂ ನನ್ನ ಮೈಯೇ ಎಂದುಕೊಂಡಿದ್ದೆ.

ಅಲ್ಲಿಂದ ತಿಪಟೂರಿನ ಒಂದು ಅಂಗಡಿಗೆ ಬಂದೆ. ಅಲ್ಲಿ ನನ್ನನ್ನು ದಿನವೂ ಒರೆಸುತ್ತಿದ್ದವಳು ಜುಲೇಖಾ. ಗಿರಾಕಿಗಳಿಗೆ ಸಾಮಾನು ತೋರಿಸಿ ಮಾರುವುದು ಅವಳ ಕೆಲಸ. ಒಂದು ಶನಿವಾರ ನನ್ನನ್ನು ಕೊಳ್ಳಲು ಬಂದವಳು ಶಶಿರೇಖಾ, ಮದುವೆಯಾಗಿ ಆರು ತಿಂಗಳಾಗಿದ್ದ ಹುಡುಗಿ.

"ಎರಡು ಸಲ ಅಕ್ಕಿ ನೆನೆಸಿ ರುಬ್ಬಿ ಚೆಲ್ಲಿಬಿಡಿ ಅಕ್ಕ, ಕಲ್ಲಿನ ಪುಡಿ ಹೋಗಬೇಕು," ಎಂದಳು ಜುಲೇಖಾ. ಶಶಿರೇಖಾ ತಲೆಯಾಡಿಸಿದಳು.

ಮನೆಗೆ ಬಂದ ಮೇಲೆ ಆ ಮಾತನ್ನು ಅತ್ತೆ ಹೊನ್ನಮ್ಮನವರಿಗೆ ಹೇಳಿದಳು. ಒಂದಲ್ಲ, ಎರಡು ಸಲ ಹೇಳಿದಳು. ನಾನು ಅಡುಗೆಮನೆಯಲ್ಲೇ ಇದ್ದೆ, ಕೇಳಿಸಿಕೊಂಡೆ.

"ಹೊಸ ಕಲ್ಲಿನಲ್ಲಿ ಮೊದಲು ರುಬ್ಬಿದ್ದು ದೇವರಿಗೆ. ಅದನ್ನ ಮೋರಿಗೆ ಚೆಲ್ಲೋದಾ? ನಿಮ್ಮ ಕಡೆ ಹಂಗೇನು?" ಎಂದರು ಅವರು. ನನಗೆ ಕುಂಕುಮ ಇಟ್ಟು, ಕೈ ಮುಗಿದು, ಅಕ್ಕಿ ಉದ್ದು ಹಾಕಿಸಿದರು. ನಾನು ಮನಸ್ಸಿಟ್ಟು ತಿರುಗಿದೆ.

ಮಾರನೆಯ ದಿನ ಭಾನುವಾರ, ಹೊನ್ನಮ್ಮನವರ ಮಗಳ ಕಡೆಯ ಬೀಗರು ಬಂದಿದ್ದರು. ಇಡ್ಲಿ ದೇವರ ಮುಂದಿಟ್ಟಾಯಿತು, ದೇವರು ಏನೂ ಅನ್ನಲಿಲ್ಲ. ಬೀಗಿತ್ತಿ ಒಂದು ತುತ್ತು ಬಾಯಿಗಿಟ್ಟು, ಅಗಿಯುವುದನ್ನು ಅಲ್ಲಿಗೇ ನಿಲ್ಲಿಸಿದರು.

ಸೋಮವಾರ ನಾನು ಅತ್ತೆ ಸೊಸೆಯರ ಜೊತೆ ಆಟೋದಲ್ಲಿ ಮತ್ತೆ ಅಂಗಡಿಗೆ ಬಂದೆ.

"ಈ ದರಿದ್ರ ಬೇಡ ನಮಗೆ. ದುಡ್ಡು ವಾಪಸ್ ಕೊಡಿ," ಎಂದರು ಹೊನ್ನಮ್ಮ.

"ಒಂದು ಸಲ ರುಬ್ಬಿದ್ದನ್ನ ಹೆಂಗಮ್ಮ ವಾಪಸ್ ತಗೊಳ್ಳೋದು?" ಎಂದ ಮಾಲೀಕ ಚಂದ್ರಣ್ಣ.

"ಬೀಗರ ಬಾಯಿಗೆ ಮರಳು ಹಾಕಿ ಕಳಿಸಿದೀನಿ. ಹೋದ ಮರ್ಯಾದೇನ ನೀವು ವಾಪಸ್ ಕೊಡ್ತೀರಾ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಚಂದ್ರಣ್ಣನಿಗೆ ಅವಮಾನವಾಯಿತು. ಜುಲೇಖಾಳ ಕಡೆ ತಿರುಗಿದ. "ಮೊದಲ ಹಿಟ್ಟು ಚೆಲ್ಲಬೇಕು ಅಂತ ಹೇಳಿದ್ಯೋ ಇಲ್ವೋ? ಹೋದ ತಿಂಗಳು ಮಿಕ್ಸಿದೂ ಇದೇ ಗೋಳು. ಹೇಳಿಲ್ಲ ಅಂದ್ರೆ ನಾಳೆಯಿಂದ ಬರಬೇಡ."

"ಹೇಳಿದ್ದೆ ಅಣ್ಣ. ಬೇಕಾದ್ರೆ ಈ ಅಕ್ಕನ್ನೇ ಕೇಳಿ."

ಎಲ್ಲರ ಕಣ್ಣೂ ಶಶಿರೇಖಾಳ ಮೇಲೆ ಬಿದ್ದವು. ಹೇಳಿಲ್ಲವೆಂದರೆ ಜುಲೇಖಾಳ ಕೆಲಸ ಹೋಗುತ್ತದೆ. ನಡೆದದ್ದನ್ನೇ ಹೇಳಿದರೆ ಅತ್ತೆಯ ಜೊತೆ ಅದೇ ಆಟೋದಲ್ಲಿ ಮನೆಗೆ ಹೋಗಬೇಕು. ಅವಳು ನನ್ನ ಅಂಚನ್ನು ಹಿಡಿದುಕೊಂಡಳು.

"ಹೇಳಿದ್ರು. ನಾನೇ ಮರೆತೆ."

ನನಗೆ ಏನೂ ಅರ್ಥವಾಗಲಿಲ್ಲ. ಮರೆತವಳು ಎರಡು ಸಲ ಹೇಗೆ ಹೇಳಿದ್ದಳು?

ಹೊನ್ನಮ್ಮ ಸೆರಗು ಸರಿಮಾಡಿಕೊಂಡರು. "ಈ ವಯಸ್ಸಿಗೇ ಮರೆವೇ!" ಎಂದರು. ದನಿಯಲ್ಲಿ ಮೊದಲಿನ ಬಿರುಸು ಇರಲಿಲ್ಲ. ದುಡ್ಡಿನ ಮಾತು ಮತ್ತೆ ಎತ್ತಲಿಲ್ಲ. ಜುಲೇಖಾ ಅಲ್ಲೇ ನೆನೆಸಿದ ಅಕ್ಕಿ ತರಿಸಿ, ಎರಡು ಸಲ ರುಬ್ಬಿ, ಬೂದುಬಣ್ಣದ ಹಿಟ್ಟನ್ನು ಚೆಲ್ಲಿ, ನನ್ನನ್ನು ತೊಳೆದುಕೊಟ್ಟಳು. ಅವಳು ಶಶಿರೇಖಾಳ ಮುಖ ನೋಡಲೇ ಇಲ್ಲ. ಕೃತಜ್ಞತೆಯೋ ಸಂಕಟವೋ, ನನಗೆ ತಿಳಿಯಲಿಲ್ಲ.

ಆಮೇಲೆ ಇಪ್ಪತ್ತೆರಡು ವರ್ಷ ಆ ಮನೆಯಲ್ಲಿ ತಿರುಗಿದೆ. ಇಡ್ಲಿ ಹತ್ತಿಯಂತೆ ಬರುತ್ತಿತ್ತು. ಆದರೆ ಮನೆಯಲ್ಲಿ ಏನು ಕಾಣೆಯಾದರೂ "ಅವಳಿಗೆ ಮರೆವು" ಎನ್ನುತ್ತಿದ್ದರು. ಬೀಗದಕೈಯನ್ನು ಗಂಡ ಎಲ್ಲೋ ಇಟ್ಟಿದ್ದರೂ ಮರೆವು ಅವಳದೇ. ಹೊನ್ನಮ್ಮ ಮಾತ್ರ ಆ ಮಾತನ್ನು ಮತ್ತೆ ಎಂದೂ ಆಡಲಿಲ್ಲ. ಬೇರೆಯವರು ಆಡಿದಾಗ ತಡೆಯಲೂ ಇಲ್ಲ. ಈಗ ಅವರೂ ಇಲ್ಲ.

ನನ್ನ ಮೋಟಾರು ಸುಟ್ಟಿದೆ. ಹಿತ್ತಿಲ ಬಾಗಿಲ ಪಕ್ಕದಲ್ಲಿದ್ದೇನೆ. ಮೊನ್ನೆ ಶಶಿರೇಖಾಳ ಮಗಳು ಒಳಗಿನಿಂದ ಕೂಗಿದಳು: "ಅಮ್ಮಾ, ನೀನು ನನ್ನ ಚಾರ್ಜರ್ ಎಲ್ಲಿಟ್ಟು ಮರೆತೆ?"

ಬಟ್ಟೆ ಒಣಹಾಕುತ್ತಿದ್ದ ಶಶಿರೇಖಾ ಕೈ ನಿಲ್ಲಿಸಿದಳು. "ನಾನು ಯಾವತ್ತೂ ಏನನ್ನೂ ಮರೆತವಳಲ್ಲ," ಎಂದಳು, ಮೆಲ್ಲಗೆ. ಹತ್ತಿರದಲ್ಲಿ ನನ್ನ ಹೊರತು ಯಾರೂ ಇರಲಿಲ್ಲ.

ಆಮೇಲೆ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಒಳಗೆ ನಡೆದಳು. ಅದೇ ಮಾತನ್ನು ಒಳಗೆ, ಗಟ್ಟಿಯಾಗಿ, ಇನ್ನೊಮ್ಮೆ ಹೇಳಿದ್ದು ನನಗೆ ಕೇಳಿಸಿತು.