ಕಿವಿ ಚುಚ್ಚಿಸಿಕೊಂಡವನು

ಭಾನುವಾರ ಮಧ್ಯಾಹ್ನ ನನ್ನ ಲಾಂಡ್ರಿಯಲ್ಲಿ ಬೈಬಲ್ ಓದುವ ಕೂಟ ಸೇರುತ್ತದೆ. ಏಳು ಜನ, ನಡುವೆ ಬಟ್ಟೆ ಮಡಿಸುವ ದೊಡ್ಡ ಮೇಜು. ಯಾವ ಅಧ್ಯಾಯವನ್ನೂ ಹಾರಿಸಬಾರದೆಂಬ ನಿಯಮ ಮಾಡಿದವನು ನಾನೇ. ಹಾಗಾಗಿ ದಾಸರ ಕಾನೂನು ಬಂದಾಗ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

ನಿವೃತ್ತ ಮೇಷ್ಟ್ರು ಓದಿ ಅರ್ಥ ಹೇಳಿದರು. ಸ್ವಜನದವನನ್ನು ದಾಸನಾಗಿ ಕೊಂಡರೆ ಆರು ವರ್ಷ ದುಡಿಸಿಕೊಂಡು ಏಳನೆಯ ವರ್ಷ ಬಿಟ್ಟುಬಿಡಬೇಕು. ಆದರೆ ಅವನಿಗೆ ಧಣಿಯೇ ಮದುವೆ ಮಾಡಿಸಿದ್ದರೆ ಹೆಂಡತಿ ಮಕ್ಕಳು ಧಣಿಗೆ ಸೇರುತ್ತಾರೆ, ಅವನೊಬ್ಬನೇ ಹೊರಡಬೇಕು. ಧಣಿಯ ಮೇಲೂ ಹೆಂಡತಿ ಮಕ್ಕಳ ಮೇಲೂ ಪ್ರೀತಿ, ಬಿಟ್ಟು ಹೋಗಲಾರೆ ಎಂದರೆ ಬಾಗಿಲ ಹತ್ತಿರ ನಿಲ್ಲಿಸಿ ದಬ್ಬಳದಿಂದ ಕಿವಿ ಚುಚ್ಚಬೇಕು. ಆಮೇಲೆ ಅವನು ಸಾಯುವ ತನಕ ಆ ಮನೆಯ ಆಳು.

"ಇದು ನ್ಯಾಯಾನಾ?" ಎಂದಳು ಅಕ್ಕ. ಮೂವತ್ತು ವರ್ಷ ನರ್ಸ್ ಆಗಿದ್ದವಳು. ಡಾಕ್ಟರುಗಳಿಗೇ ಸೊಪ್ಪು ಹಾಕದವಳು ತಮ್ಮನಿಗೆ ಹಾಕುತ್ತಾಳೆಯೇ?

"ಆ ಕಾಲಕ್ಕೆ ಅದೇ ದೊಡ್ಡದು," ಎಂದೆ. "ಬೇರೆ ಕಡೆ ಆಳಿಗೆ ಲೆಕ್ಕವೇ ಇರಲಿಲ್ಲ. ಇಲ್ಲಿ ಧಣಿ ಆಳಿನ ಹಲ್ಲು ಮುರಿದರೂ ಆಳಿಗೆ ಬಿಡುಗಡೆ."

"ಜನ ಕಲ್ಲು ಮನಸ್ಸಿನವರು," ಎಂದು ಮೇಷ್ಟ್ರು ನನ್ನ ಬೆನ್ನಿಗೆ ನಿಂತರು. "ದೇವರು ಅವರು ತಡ್ಕೊಳ್ಳೋವಷ್ಟೇ ಹೇಳಿದ."

"ಹಂದಿ ತಿನ್ನಬೇಡಿ ಅಂದದ್ದನ್ನ ತಡ್ಕೊಂಡರಲ್ಲ ಮೇಷ್ಟ್ರೇ. ಮನುಷ್ಯನ್ನ ಕೊಳ್ಳಬೇಡಿ ಅಂದಿದ್ರೆ ಸತ್ತುಹೋಗ್ತಿದ್ರಾ?" ಎಂದಳು ಅಕ್ಕ.

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ನನಗೆ ಮೈಯೆಲ್ಲ ಉರಿಯಿತು.

"ಅವನೇ ಬಾಯಿಬಿಟ್ಟು ಪ್ರೀತಿ ಅಂತಾನಲ್ಲ. ಅದನ್ನ ಯಾಕೆ ನುಂಗ್ತೀಯ? ಇಲ್ಲೇ ನೋಡು," ಎಂದು ನಾನು ಕೋಣೆಯ ಆ ತುದಿಗೆ ಕೈ ತೋರಿಸಿದೆ.

ಅಲ್ಲಿ ನಮ್ಮ ಇಸ್ತ್ರಿಯವನು ಸೋಮವಾರ ಕೊಡಬೇಕಾದ ಹಾಸುಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದ. ಒಂಬತ್ತು ವರ್ಷದಿಂದ ನನ್ನಲ್ಲಿದ್ದಾನೆ, ನನ್ನನ್ನು ಅಣ್ಣ ಎನ್ನುತ್ತಾನೆ. ನಮ್ಮ ಮನೆಗೆಲಸದ ಹುಡುಗಿಯನ್ನು ಅವನಿಗೆ ತಂದು ಮದುವೆ ಮಾಡಿಸಿದವನು ನಾನು. ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳುವವಳು ಅವಳೇ. ಎರಡು ವರ್ಷದ ಹಿಂದೆ ಬೇರೆ ಊರಿನ ದೊಡ್ಡ ಹೋಟೆಲೊಂದು ಅವನನ್ನು ಕರೆಯಿತು, ಹಳೆಯ ಯಜಮಾನನ ಪತ್ರ ತಾ ಎಂದಿತು. ಬರೆದುಕೊಡುತ್ತೇನೆ, ಆದರೆ ಅಮ್ಮ ಇರುವ ತನಕ ಹೆಂಡತಿ ಮಗು ಇಲ್ಲೇ ಇರಲಿ ಎಂದೆ. ಒಂದು ವಾರ ಯೋಚಿಸಿ ಅವನು ಉಳಿದುಕೊಂಡ. ನಮ್ಮನ್ನು ಬಿಟ್ಟು ಹೋಗಲು ಅವನಿಗೆ ಮನಸ್ಸಾಗಲಿಲ್ಲ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಅಕ್ಕ ಅವನ ಕಡೆ ನೋಡಿ ದನಿ ತಗ್ಗಿಸಿದಳು. "ಮೊದಲನೆಯದು, ನಿನ್ನ ಶಾಸ್ತ್ರದಲ್ಲಿ ಆಳಿಗೂ ವಾರಕ್ಕೊಂದು ರಜೆ ಇದೆ ಕಣೋ. ಎರಡನೆಯದು, ಹೆಂಡತಿ ಮಗೂನ ಬಿಟ್ಟುಕೊಟ್ಟು ಆಮೇಲೆ ಕೇಳು. ಆಗಲೂ ನಿನ್ನ ಮೇಲೆ ಪ್ರೀತಿ ಅಂದ್ರೆ ನಾನು ಬಾಯಿ ಮುಚ್ಕೋತೀನಿ."

ಅಕ್ಕನ ಬಾಯಿ ಮುಚ್ಚಿಸುವ ಅವಕಾಶ ಜನ್ಮಕ್ಕೊಮ್ಮೆ ಬರುವಂಥದು. ನಾನು ಎದ್ದು ನಿಂತೆ.

"ಬಾರಪ್ಪಾ ಇಲ್ಲಿ. ಆ ಹೋಟೆಲಿಗೆ ಈಗಲೂ ಜನ ಬೇಕಂತೆ. ಪತ್ರ ಬರೆದುಕೊಡ್ತೀನಿ. ಹೆಂಡತಿ ಮಗೂನೂ ಕರ್ಕೊಂಡು ಹೋಗಬಹುದು, ನನ್ನ ಅಡ್ಡಿಯಿಲ್ಲ. ಎಲ್ಲರೆದುರಿಗೆ ಹೇಳು, ಹೋಗ್ತೀಯೋ ಇರ್ತೀಯೋ?"

ಅವನು ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದ. ನನ್ನ ಮುಖ ನೋಡಿದ, ಆಮೇಲೆ ಅಕ್ಕನ ಮುಖ.

"ಮೂರು ಜನಾನೂನಾ ಅಣ್ಣ?"

"ಹೂಂ, ಮೂರು ಜನಾನೂ."

"ಹಾಗಾದ್ರೆ ಬುಧವಾರ ಹೊರಡಬಹುದಾ? ನಾಳೆ ನಾಳಿದ್ದರಲ್ಲಿ ಬಾಕಿ ಬಟ್ಟೆನೂ ಮುಗಿಸಿಬಿಡ್ತೀನಿ."

ಯಾರೂ ನಗಲಿಲ್ಲ, ಅಕ್ಕನೂ ನಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಗಲಿ ಎಂದೆ. ಅವನು ಹೋಗಿ ಅರ್ಧಕ್ಕೆ ಬಿಟ್ಟಿದ್ದ ಬಟ್ಟೆಯನ್ನು ಮುಗಿಸಿದ. ನನಗೆ ಕೋಪ ಬಂತು, ಅವನ ಮೇಲೆ. ಕೃತಜ್ಞತೆ ಇಲ್ಲದವನು ಎಂದು ಎರಡು ದಿನ ಮನಸ್ಸಿನಲ್ಲೇ ಬೈದೆ.

ಬುಧವಾರ ಬೆಳಿಗ್ಗೆ ಪತ್ರ ಹಿಡಿದು ಅಂಗಡಿಯ ಮೇಲಿನ ಅವರ ಕೋಣೆಗೆ ಹೋದೆ. ಅವನ ಹೆಂಡತಿ ಮಂಚದಡಿಯಿಂದ ಒಂದು ಗಂಟು ಎಳೆದು ಬಿಚ್ಚುತ್ತಿದ್ದಳು. ಒಳಗೆ ನಮ್ಮ ಅಂಗಡಿಯ ರೀತಿಯಲ್ಲೇ ಮಡಿಸಿಟ್ಟ ಪುಟ್ಟ ಫ್ರಾಕುಗಳು. ಒಂದನ್ನು ತೆಗೆದು ಐದು ವರ್ಷದ ಮಗಳ ಮೈಗೆ ಹಿಡಿದು ನೋಡಿದಳು. ಅದು ಸೊಂಟದ ತನಕ ಮಾತ್ರ ಬಂತು. ಇನ್ನೊಂದನ್ನು ಹಿಡಿದಳು, ಅದೂ ಅಷ್ಟೇ. ಒಂದೊಂದಾಗಿ ಪಕ್ಕಕ್ಕಿಟ್ಟಳು.

"ಇದ್ಯಾವಾಗ ಕಟ್ಟಿದ ಗಂಟಮ್ಮ?"

"ಆವಾಗ್ಲೇ ಅಣ್ಣ, ಹೋಟೆಲಿನೋರು ಮೊದಲನೇ ಸಲ ಕರೆದಾಗ. ಆಮೇಲೆ ಬಿಚ್ಚೋಕೆ ಮನಸ್ಸು ಬರಲಿಲ್ಲ."

ನನಗೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು. ಪತ್ರವನ್ನು ಮಗುವಿನ ಕೈಗೆ ಕೊಟ್ಟು ಕೆಳಗಿಳಿದೆ. ಅಮ್ಮನನ್ನು ಮಗ್ಗುಲು ಬದಲಿಸಿ ಮಲಗಿಸುವ ಹೊತ್ತಾಗಿತ್ತು.