ಎಲ್‌ಕೆಜಿಯಿಂದ ಏರುವ ಅಲೆ

ಶಾಲೆಯ ಗೋಡೆಯ ಅಲೆ ಅಳತೆಪಟ್ಟಿ ಇಟ್ಟಂತೆ ನೇರ ಬರಬೇಕಂತೆ. ಉಝೈರ್ ಹಲ್ಲು ಕಡಿದ.

ಆ ನೀಲಿ ಅಲೆಯನ್ನು ಬರೆದವನೇ ಅವನು. ರಿಯಾದಿನ ಇಂಡಿಯನ್ ಸ್ಕೂಲಿನ ಪ್ರಿನ್ಸಿಪಾಲ್ ಶಾಹೀದಾ ಮೇಡಂ, ಹುಡುಗರ ಕಟ್ಟಡಕ್ಕೂ ಹುಡುಗಿಯರ ಕಟ್ಟಡಕ್ಕೂ ಒಂದೇ ಗುರುತು ಬೇಕು ಎಂದಿದ್ದರು. ಎಲ್‌ಕೆಜಿ ಬಾಗಿಲಲ್ಲಿ ಹುಟ್ಟಿ, ಆಯಾ ತರಗತಿಯ ಮಕ್ಕಳ ತಲೆಯೆತ್ತರಕ್ಕೆ ಏರುತ್ತ ಹೋಗುವ ಅಲೆ ಅದು. ಬತ್ಹಾ ಪೇಟೆಯಲ್ಲಿ ಉಝೈರ್ ದುಡಿಯುವ ಸ್ಟಿಕ್ಕರ್ ಅಂಗಡಿಯ ಮಾಲೀಕರ ಅಳಿಯ, ಡಿಗ್ರಿ ಪಡೆದ ಹಮ್ಮಾದ್, ಅದನ್ನು ತನ್ನದೆಂದು ತೋರಿಸಿ ಒಪ್ಪಿಗೆ ಪಡೆದ. ಆಮೇಲೆ ಕಂಪ್ಯೂಟರಿನಲ್ಲಿ ಎಳೆದು ನೇರ ಮಾಡಿದ.

"ಐದು ಫೀಟಲ್ಲಿ ಅಂಟಿಸಿದ್ರೆ ಎಲ್‌ಕೆಜಿ ಮಗು ಏಣಿ ತರ್ಬೇಕಾ ಮಾರಾಯ?" ಎಂದ ಉಝೈರ್.

"ನೀನು ಕಲ್ತದ್ದೆಷ್ಟು?"

"ಎಂಟನೇ ಕ್ಲಾಸು."

"ಹಾಗಾದ್ರೆ ಬಾಯಿ ಮುಚ್ಚಿ ಅಂಟಿಸು. ಯಲ್ಲಾ, ಬೇಗ!"

ಹುಡುಗಿಯರ ಕಟ್ಟಡಕ್ಕೆ ಗಂಡಸರು ಕಾಲಿಡುವುದು ರಜೆಯ ದಿನ, ಶುಕ್ರವಾರ ಮಾತ್ರ. ಜುಮಾ ನಮಾಜು ಮುಗಿಸಿ ಹಮ್ಮಾದ್ ಬಿರಿಯಾನಿಗೆ ಹೋದ. ಉಝೈರ್ ಮಟ್ಟಗೋಲನ್ನು ಚೀಲಕ್ಕೆ ಬಿಸಾಡಿ, ತನ್ನ ಮೈಯನ್ನೇ ಅಳತೆ ಮಾಡಿಕೊಂಡು ನೀಲಿ ಪಟ್ಟಿಯನ್ನು ಬಾಗಿಲಿಂದ ಬಾಗಿಲಿಗೆ ಏರಿಸುತ್ತ ಹೋದ. ಎಲ್‌ಕೆಜಿಗೆ ಸೊಂಟ, ಮೂರಕ್ಕೆ ಎದೆ, ಹನ್ನೆರಡಕ್ಕೆ ಹುಬ್ಬು. ಎಂಟನೆಯ ತರಗತಿಯ ಬಾಗಿಲಲ್ಲಿ ಕೈ ತಡೆಯಿತು. ಅಲ್ಲಿ ಗುದ್ದಿದಂತೆ ಅಂಟಿಸಿದ.

ಸೋಮವಾರ ಮಧ್ಯಾಹ್ನ ಅಂಗಡಿಗೆ ಮೇಡಂ ಫೋನು.

"ಬೆಲ್ ಹೊಡೆದ್ರೂ ಹುಡುಗಿಯರು ಗೋಡೆ ಬಿಡ್ತಾ ಇಲ್ಲ ಹಮ್ಮಾದ್! ಬೆನ್ನು ಕೊಟ್ಟು ನಿಂತು ಯಾರು ಅಲೆ ಮುಟ್ಟಿದ್ರು ಅಂತ ನೋಡ್ತಾರೆ. ಏನು ತಲೆ ನಿಮ್ಮದು! ಬಾಯ್ಸ್ ಸೆಕ್ಷನ್‌ಗೂ ಇದೇ ಎತ್ತರ, ಇವತ್ತು ಸಂಜೆಯೇ."

"ಥ್ಯಾಂಕ್ಯೂ ಮೇಡಂ," ಎಂದು ಹಲ್ಲುಕಿರಿದ ಹಮ್ಮಾದ್, ಫೋನಿಟ್ಟು ಫೈಲು ತೆರೆದ. ಕಂಪ್ಯೂಟರಿನಲ್ಲಿದ್ದದ್ದು ನೇರ ಗೆರೆ. ಹೋಗಿ ಅಳೆಯಲು ಶುಕ್ರವಾರದವರೆಗೆ ದಾರಿಯಿಲ್ಲ.

"ಎಂತ ಮಾಡಿದ್ದಿ ನೀನು? ಅಳತೆ ಕೊಡು."

"ಬರೆದಿಟ್ಟಿಲ್ಲ. ಇಲ್ಲುಂಟು." ಉಝೈರ್ ಎದೆಗೆ ಬಡಿದುಕೊಂಡ. "ಡಿಗ್ರಿ ಉಂಟಲ್ಲ, ಅದ್ರಲ್ಲಿ ಹುಡ್ಕು."

"ನಿನ್ನ ಇಕಾಮಾ ಪರ್ಮಿಟ್ ಕ್ಯಾನ್ಸಲ್ ಮಾಡ್ಸಿ ಊರಿಗೆ ಕಳಿಸ್ತೇನೆ!"

"ಕಳ್ಸು. ಅಳತೆಯೂ ನನ್ನೊಟ್ಟಿಗೆ ಉಳ್ಳಾಲಕ್ಕೆ ಬರ್ತದೆ. ಬೇಕಾದ್ರೆ ಮೇಡಂಗೆ ಫೋನ್ ಮಾಡು. ಬರೆದವ ಯಾರು ಅಂತ ಹೇಳು. ಸ್ಪೀಕರ್ ಹಾಕಿಯೇ ಹೇಳು."

ಹಮ್ಮಾದ್ ಗಡಿಯಾರ ನೋಡಿದ. ಉಝೈರ್ ಮೇಜಿನ ಮೇಲೆ ಕಟ್ಟರ್ ಇಟ್ಟು ಕೈಕಟ್ಟಿ ಕುಳಿತ. ಮೂರನೆಯ ರಿಂಗಿಗೆ ಮೇಡಂ ಎತ್ತಿದರು.

"ಮೇಡಂ, ಆ ಡಿಸೈನು... ನಂದಲ್ಲ."

"ಮತ್ತೆ ಯಾರದ್ದು?"

"ಇಲ್ಲಿ ನಮ್ಮ ಹುಡುಗ ಒಬ್ಬ..."

"ಹೆಸರು ಹೇಳು," ಎಂದ ಉಝೈರ್. "ಪೂರ್ತಿ ಹೆಸರು."